ಹೊತ್ತವಳ ಹಕ್ಕು



ಪವಿತ್ರ ಕುರ್‌ಆನಿನ ಸೂರಃ ಲುಕ್ಮಾನ್‌ನ 14ನೆಯ ವಚನದಲ್ಲಿ ಅಲ್ಲಾಹನು ಮನುಷ್ಯನಿಗೆ ತಂದೆತಾಯಿಯರ ಕುರಿತು ಆದೇಶ ನೀಡುತ್ತಾನೆ. ಆದೇಶವಿರುವುದು ಇಬ್ಬರ ಬಗ್ಗೆಯೂ. ಆದರೆ ಆ ಆದೇಶದ ನಡುವೆ ಮಾತು ತಾಯಿಯೊಬ್ಬಳ ಕಡೆಗೇ ತಿರುಗುತ್ತದೆ. ಅವಳು ಮಗುವನ್ನು ಹೊತ್ತದ್ದು, ಒಂದು ಬಳಲಿಕೆ ಕಳೆಯುವ ಮೊದಲೇ ಮತ್ತೊಂದು ಬಳಲಿಕೆ ಬಂದು ಸೇರಿದ್ದು, ಆಮೇಲೆ ಎರಡು ವರ್ಷಗಳ ಕಾಲ ಹಾಲೂಡಿಸಿದ್ದು, ಇವೆಲ್ಲವನ್ನೂ ಅಲ್ಲಿ ನೆನಪಿಸಲಾಗಿದೆ. ಆ ವಚನದಲ್ಲಿ ‘ವಹ್ನ್’ ಎಂಬ ಅರಬಿ ಪದ ಎರಡು ಸಲ ಬರುತ್ತದೆ. ಶಕ್ತಿ ಕುಂದುವುದು, ನಿತ್ರಾಣವಾಗುವುದು ಎಂದು ಅದರ ಅರ್ಥ. ಸೂರಃ ಅಹ್‌ಕಾಫ್‌ನ 15ನೆಯ ವಚನದಲ್ಲಿ ‘ಕುರ್ಹ್’ ಎಂಬ ಇನ್ನೊಂದು ಪದ ಬಳಕೆಯಾಗಿದೆ. ಹೊರುವುದರಲ್ಲೂ ಕಷ್ಟ, ಹೆರುವುದರಲ್ಲೂ ಕಷ್ಟ ಎಂಬುದನ್ನು ಆ ಪದ ತಿಳಿಸುತ್ತದೆ.

ಸೃಷ್ಟಿಕರ್ತನೇ ತನ್ನ ಗ್ರಂಥದಲ್ಲಿ ಗರ್ಭಿಣಿಯ ಬಳಲಿಕೆಯನ್ನು ಹೆಸರು ಹಿಡಿದು ಹೇಳಿದ್ದಾನೆಂದರೆ, ಆ ಬಳಲಿಕೆ ಏನು, ಅದು ಏಕೆ ಬರುತ್ತದೆ ಎಂದು ತಿಳಿದುಕೊಳ್ಳುವುದು ನಮ್ಮ ಹೊಣೆಯಲ್ಲವೇ? ತಾಯಿಯ ಪಾದದ ಬಳಿ ಸ್ವರ್ಗವಿದೆಯೆಂದು ನಾವು ಜುಮಾ ಪ್ರಸಂಗಗಳಲ್ಲಿ ಕೇಳುತ್ತೇವೆ, ಮಕ್ಕಳಿಗೆ ಕಲಿಸುತ್ತೇವೆ. ಆ ಮಾತು ಬಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ನರೆಗೂದಲಿನ ಮುದಿ ತಾಯಿ. ಆದರೆ ಅಲ್ಲಾಹನು ಚಿತ್ರಿಸಿರುವುದು ನಮ್ಮ ಮನೆಗೆ ಸೊಸೆಯಾಗಿ ಬಂದು, ಅಡಿಗೆಮನೆಯಲ್ಲಿ ವಾಕರಿಕೆ ತಡೆದುಕೊಂಡು ರೊಟ್ಟಿ ತಟ್ಟುತ್ತಿರುವ ಇಪ್ಪತ್ತೆರಡರ ಹೆಣ್ಣನ್ನು. ಅವಳೂ ತಾಯಿಯೇ. ಅವಳ ಬಳಲಿಕೆ ಇಂದೇ ನಡೆಯುತ್ತಿದೆ.

‘ಪಾಂವ್ ಭಾರಿ ಹೈ’ ಎಂದು ನಮ್ಮ ಮನೆಗಳ ಉರ್ದುವಿನಲ್ಲಿ ಹೇಳುತ್ತಾರೆ. ‘ಎರಡು ಜೀವದವಳು’ ಎಂದು ಕನ್ನಡದಲ್ಲಿ ಹೇಳುತ್ತಾರೆ. ಎರಡೂ ಒಳ್ಳೆಯ ಮಾತುಗಳೇ. ಆದರೆ ಈ ಮಾತುಗಳನ್ನಾಡಿದ ಬಾಯಲ್ಲೇ ಮರುಗಳಿಗೆ ಇನ್ನೊಂದು ಮಾತೂ ಬರುತ್ತದೆ: ‘ನಾವೇನು ಹೆತ್ತಿಲ್ಲವೇ? ಇವಳೊಬ್ಬಳೇ ಹೆರುತ್ತಿರುವುದೇ?’ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಎಲ್ಲಿಯೇ ಆಗಲಿ, ಈ ಮಾತು ಕೇಳದ ಮನೆಗಳು ಕಡಿಮೆ. ಈ ಮಾತನ್ನು ಮುಂದಿಟ್ಟುಕೊಂಡೇ ನಾವು ಇಂದು ಆಲೋಚಿಸೋಣ.

ಹಗುರ ಹೊರೆ

ಸೂರಃ ಅಅ್‌ರಾಫ್‌ನ 189ನೆಯ ವಚನದಲ್ಲಿ ಗರ್ಭದ ಹೊರೆ ಮೊದಲು ಹಗುರವಾಗಿರುತ್ತದೆ, ಅವಳು ಅದರೊಂದಿಗೆ ಓಡಾಡಿಕೊಂಡಿರುತ್ತಾಳೆ, ಬಳಿಕ ಅದು ಭಾರವಾಗುತ್ತದೆ ಎಂಬ ವಿವರಣೆಯಿದೆ. ಹಗುರ ಎಂದಮಾತ್ರಕ್ಕೆ ಒಳಗೆ ಏನೂ ನಡೆಯುತ್ತಿಲ್ಲವೆಂದಲ್ಲ. ಹೊರಗಿನವರ ಕಣ್ಣಿಗೆ ಏನೂ ಕಾಣಿಸದ ಮೊದಲ ಮೂರು ತಿಂಗಳಲ್ಲೇ ಸ್ತ್ರೀದೇಹದಲ್ಲಿ ಅತಿ ದೊಡ್ಡ ಬದಲಾವಣೆಗಳು ಆರಂಭವಾಗುತ್ತವೆ.

ಗರ್ಭ ನಿಂತ ಕೆಲವೇ ದಿನಗಳಲ್ಲಿ ಹಾರ್ಮೋನುಗಳೆಂಬ ರಸಗಳು ರಕ್ತದಲ್ಲಿ ಏರತೊಡಗುತ್ತವೆ. ತಿಂಗಳ ಮುಟ್ಟು ನಿಲ್ಲುತ್ತದೆ. ಸ್ತನಗಳು ತುಂಬಿ ನೋಯುತ್ತವೆ. ವಾಕರಿಕೆ, ವಾಂತಿ ಆರಂಭವಾಗಿ 9-10ನೆಯ ವಾರದ ಹೊತ್ತಿಗೆ ಹೆಚ್ಚುತ್ತವೆ. ಬಹುಪಾಲು ಹೆಂಗಸರಲ್ಲಿ 14ರಿಂದ 16ನೆಯ ವಾರದೊಳಗೆ ಅವು ತಗ್ಗುತ್ತವೆ. ಒಗ್ಗರಣೆಯ ವಾಸನೆ ಸಹಿಸಲಾಗದು. ಹಗಲಲ್ಲೂ ನಿದ್ದೆ ಎಳೆಯುತ್ತದೆ. ಇದನ್ನು ನಾವು ‘ನಖರಾ’ ಎನ್ನುತ್ತೇವೆ, ಸೋಮಾರಿತನ ಎನ್ನುತ್ತೇವೆ. ಆದರೆ ಸೂರಃ ಮುಅ್‌ಮಿನೂನ್‌ನ 12ರಿಂದ 14ನೆಯ ವಚನಗಳು ವಿವರಿಸುವ ಹಂತಗಳು ಅವಳ ಒಳಗೆ ನಡೆಯುತ್ತಿರುವುದು ಇದೇ ದಿನಗಳಲ್ಲಿ. ಹನಿಯು ಅಂಟಿಕೊಂಡ ಪಿಂಡವಾಗಿ, ಮಾಂಸದ ಮುದ್ದೆಯಾಗಿ, ಎಲುಬುಗಳಾಗಿ, ಎಲುಬಿಗೆ ಮಾಂಸದ ಹೊದಿಕೆಯಾಗಿ ರೂಪುಗೊಳ್ಳುವ ಮಹತ್ಕಾರ್ಯವನ್ನು ಅಲ್ಲಾಹನು ಅವಳ ಒಡಲಲ್ಲಿ ನಡೆಸುತ್ತಿದ್ದಾನೆ. ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಬೇಕಾದ ನಾಳವು ಗರ್ಭ ನಿಂತ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಅಂದರೆ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದು ಖಚಿತವಾಗುವ ಮೊದಲೇ! ಮಗುವನ್ನು ಬಯಸುವ ಹೆಣ್ಣು ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆಸಿಡ್ ಮಾತ್ರೆ ಸೇವಿಸಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಒಂದು ಎಚ್ಚರಿಕೆ. ವಾಂತಿ ಸಹಜವೆಂದು ಎಲ್ಲ ವಾಂತಿಯನ್ನೂ ಕಡೆಗಣಿಸಬಾರದು. ಕುಡಿದ ನೀರೂ ನಿಲ್ಲುತ್ತಿಲ್ಲ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದೆ, ತೂಕ ಇಳಿಯುತ್ತಿದೆ ಎಂದಾದರೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ತಾವೀಜು ಕಟ್ಟಿಸಿ ಸುಮ್ಮನಾಗುವುದು ಸರಿಯಲ್ಲ. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿವರ್ಯರು(ಸ) ಅಲ್ಲಾಹನ ದಾಸರಿಗೆ ಆದೇಶಿಸಿರುವುದು ಅಬೂದಾವೂದ್ ಮತ್ತು ತಿರ್ಮಿದಿಯ ಹದೀಸ್ ಸಂಗ್ರಹಗಳಲ್ಲಿದೆ. ದುಆ ಮಾಡಿರಿ, ಚಿಕಿತ್ಸೆಯನ್ನೂ ಮಾಡಿಸಿರಿ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ರಕ್ತದ ಲೆಕ್ಕ

ಈಗ ರಕ್ತದ ವಿಷಯಕ್ಕೆ ಬನ್ನಿ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಅಂದರೆ ಸುಮಾರು ಒಂದೂಕಾಲರಿಂದ ಒಂದೂವರೆ ಲೀಟರ್ ಹೊಸ ರಕ್ತ. ಹೃದಯವು ಮೊದಲಿಗಿಂತ ಶೇಕಡಾ 30ರಿಂದ 50ರಷ್ಟು ಹೆಚ್ಚು ರಕ್ತವನ್ನು ತಳ್ಳಬೇಕಾಗುತ್ತದೆ. ನಾಡಿ ನಿಮಿಷಕ್ಕೆ 10ರಿಂದ 20 ಬಡಿತ ಹೆಚ್ಚಾಗುತ್ತದೆ. ಮೂತ್ರಪಿಂಡಗಳು ಅರ್ಧದಷ್ಟು ಹೆಚ್ಚುವರಿ ಕೆಲಸ ಮಾಡುತ್ತವೆ. ಬಸುರಿಯು ಕೈಕಟ್ಟಿ ಕುಳಿತಿದ್ದರೂ ಅವಳ ಹೃದಯ ಹಗಲಿರುಳು ದುಡಿಯುತ್ತಿರುತ್ತದೆ. ‘ಸುಮ್ಮನೆ ಕೂತಿದ್ದಾಳೆ’ ಎನ್ನುವವರು ಇದನ್ನೊಮ್ಮೆ ಯೋಚಿಸಲಿ.

ರಕ್ತ ಹೆಚ್ಚುವಾಗ ಅದರ ನೀರಿನ ಭಾಗ ಬೇಗ ಹೆಚ್ಚುತ್ತದೆ, ಕೆಂಪು ಕಣಗಳು ಅಷ್ಟು ಬೇಗ ಹೆಚ್ಚುವುದಿಲ್ಲ. ಆದುದರಿಂದ ರಕ್ತ ಸ್ವಲ್ಪ ತೆಳುವಾಗುತ್ತದೆ. ಕೆಂಪು ಕಣಗಳನ್ನು ತಯಾರಿಸಲು ಕಬ್ಬಿಣದ ಅಂಶ ಬೇಕು. ಇಡೀ ಗರ್ಭಕಾಲಕ್ಕೆ ಬೇಕಾಗುವ ಹೆಚ್ಚಿನ ಕಬ್ಬಿಣ ಸುಮಾರು 1000 ಮಿಲಿಗ್ರಾಂ, ಅಂದರೆ ಕೇವಲ ಒಂದು ಗ್ರಾಂ. ಒಂದು ಚಿಟಿಕೆ ಉಪ್ಪಿನಷ್ಟು ತೂಕದ ಈ ವಸ್ತು ಸಿಗದೆ ನಮ್ಮ ಹೆಣ್ಣುಮಕ್ಕಳು ಬಿಳಿಚಿಕೊಂಡು ಹೆರಿಗೆಗೆ ಹೋಗುತ್ತಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ 100ಕ್ಕೆ 52 ಮಂದಿಗೆ ರಕ್ತಹೀನತೆಯಿತ್ತು. ಕರ್ನಾಟಕದಲ್ಲಿಯೂ 100ಕ್ಕೆ 45ಕ್ಕಿಂತ ಹೆಚ್ಚು ಮಂದಿಗೆ ಈ ಕೊರತೆಯಿತ್ತು. ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ಅದು ಜೀವಕ್ಕೆ ಅಪಾಯ. ಹೆರಿಗೆಯ ವೇಳೆ ಸ್ವಲ್ಪ ರಕ್ತ ಹೋಗುವುದು ಸಹಜ. ರಕ್ತ ತುಂಬಿರುವವಳು ಅದನ್ನು ತಡೆದುಕೊಳ್ಳುತ್ತಾಳೆ, ರಕ್ತವಿಲ್ಲದವಳು ಅಷ್ಟಕ್ಕೇ ಕುಸಿಯುತ್ತಾಳೆ. ‘ಹಣೆಬರಹ’, ‘ತಕ್ದೀರ್’ ಎಂದು ನಾವು ಕಣ್ಣೊರೆಸಿಕೊಳ್ಳುವ ಎಷ್ಟೋ ಸಾವುಗಳ ಹಿಂದೆ ತಿಂಗಳುಗಟ್ಟಲೆ ನುಂಗದೆ ಉಳಿದ ಮಾತ್ರೆಗಳಿರುತ್ತವೆ. ತಕ್ದೀರಿನ ಮೇಲೆ ವಿಶ್ವಾಸವಿಡುವವನು ಒಂಟೆಯನ್ನೂ ಕಟ್ಟಬೇಕೆಂಬ ಪ್ರವಾದಿ(ಸ)ಯವರ ಉಪದೇಶವನ್ನು ಇಲ್ಲಿ ನೆನಪಿಸಿಕೊಳ್ಳೋಣ.

ಅಂಗನವಾಡಿ ಮತ್ತು ಸರಕಾರಿ ಆಸ್ಪತ್ರೆಗಳಲ್ಲಿ ಕಬ್ಬಿಣಾಂಶದ ಮಾತ್ರೆ ಉಚಿತವಾಗಿ ಸಿಗುತ್ತದೆ. ಆದರೆ ಅದು ಮನೆಯ ಕಪಾಟಿನಲ್ಲೇ ಉಳಿಯುವುದುಂಟು. ‘ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ’, ‘ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ’ ಎಂಬ ಮಾತುಗಳಿಗೆ ಯಾವ ಆಧಾರವೂ ಇಲ್ಲ. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಅಷ್ಟೆ. ಹೊಟ್ಟೆ ತೊಳೆಸಿದಂತಾದರೆ ರಾತ್ರಿ ಊಟದ ನಂತರ ನುಂಗಬಹುದು. ಆದರೆ ಚಹಾದ ಜೊತೆ, ಹಾಲಿನ ಜೊತೆ, ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬಾರದು. ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ನಮ್ಮ ಮನೆಗಳಲ್ಲಿ ಊಟವಾದೊಡನೆ ಚಹಾ ಕುಡಿಯುವ ಅಭ್ಯಾಸ ಹೆಚ್ಚು. ಬಸುರಿಯ ಮಟ್ಟಿಗೆ ಅದನ್ನು ಒಂದೆರಡು ಗಂಟೆ ಮುಂದೂಡಿರಿ. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣುಗಳು ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತವೆ.

ಆಹಾರಕ್ಕೆ ನಮ್ಮ ಸೀಮೆಯಲ್ಲಿ ಬರವಿಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದೆ. ಮಗು ತನ್ನ ಎಲುಬಿಗಾಗಿ ತಾಯಿಯಿಂದ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಪಡೆಯುತ್ತದೆ, ಅದರಲ್ಲಿ ಹೆಚ್ಚಿನದನ್ನು ಕೊನೆಯ ಮೂರು ತಿಂಗಳಲ್ಲಿ. ಹುರುಳಿ, ಅವರೆ, ಕಡಲೆಕಾಯಿ, ನುಗ್ಗೆಸೊಪ್ಪು, ಮೊಟ್ಟೆ, ಹಾಲು, ಮಾಂಸ ಇವು ನಮ್ಮ ಸಂತೆಯಲ್ಲೇ ಸಿಗುವ ವಸ್ತುಗಳು. ಕೊರತೆಯಿರುವುದು ಬಡಿಸುವ ಕ್ರಮದಲ್ಲಿ. ಗಂಡಸರು ಉಂಡು, ಮಕ್ಕಳು ಉಂಡು, ಅತ್ತೆ ಉಂಡ ಬಳಿಕ ಪಾತ್ರೆಯ ತಳದಲ್ಲಿ ಉಳಿದ ಸಾರು ಸೊಸೆಗೆ. ದಾಲ್ಚಾದ ಮಾಂಸ ಅವಳ ತನಕ ಬರುವುದೇ ಇಲ್ಲ. ಎರಡು ಜೀವಕ್ಕೆ ಉಣ್ಣಬೇಕಾದವಳು ಕೊನೆಯ ಪಂಕ್ತಿಯಲ್ಲಿ! ಈ ಕ್ರಮವನ್ನು ಯಾವ ಶರೀಅತ್ ಕಲಿಸಿತು? ಸೂರಃ ತಲಾಕ್‌ನ 6ನೆಯ ವಚನದಲ್ಲಿ ವಿಚ್ಛೇದಿತ ಹೆಂಡತಿ ಕೂಡ ಗರ್ಭಿಣಿಯಾಗಿದ್ದರೆ ಹೆರಿಗೆಯಾಗುವ ತನಕ ಅವಳಿಗಾಗಿ ಖರ್ಚು ಮಾಡಬೇಕೆಂದು ಅಲ್ಲಾಹನು ಆದೇಶಿಸಿದ್ದಾನೆ. ಸಂಬಂಧ ಕಡಿದುಹೋದವಳಿಗೇ ಇಷ್ಟು ಹಕ್ಕಿರುವಾಗ ಮನೆಯೊಳಗಿರುವವಳ ಹಕ್ಕು ಎಷ್ಟಿರಬೇಡ!

ನೀರಿನ ಬಗ್ಗೆಯೂ ಒಂದು ಮಾತು. ನಮ್ಮ ಜಿಲ್ಲೆಯ ಆಳವಾದ ಕೊಳವೆಬಾವಿಗಳಲ್ಲಿ ಅನೇಕ ಕಡೆ ಫ್ಲೋರೈಡ್ ಹೆಚ್ಚಿದೆ. ಗರ್ಭಿಣಿ ಇರುವ ಮನೆಯಲ್ಲಿ ಕುಡಿಯಲು ಮತ್ತು ಅಡಿಗೆಗೆ ಶುದ್ಧ ಕುಡಿಯುವ ನೀರಿನ ಘಟಕದಿಂದ ನೀರು ತರುವುದು ಒಳ್ಳೆಯದು. ಆ ಕ್ಯಾನನ್ನು ಹೊತ್ತು ತರುವ ಕೆಲಸ ಅವಳದಲ್ಲ ಎಂಬುದೂ ನೆನಪಿರಲಿ.

ಭಾರವಾದ ಹೊರೆ

ಗರ್ಭಕೋಶ ಸಾಮಾನ್ಯ ಕಾಲದಲ್ಲಿ ಸೀಬೆಕಾಯಿಯಷ್ಟು ಚಿಕ್ಕದು, 60-70 ಗ್ರಾಂ ತೂಕ. ದಿನ ತುಂಬುವ ಹೊತ್ತಿಗೆ ಅದೊಂದೇ ಸುಮಾರು ಒಂದು ಕಿಲೋ ತೂಗುತ್ತದೆ. 12ನೆಯ ವಾರದಲ್ಲಿ ಅದು ಕಿಬ್ಬೊಟ್ಟೆಯ ಎಲುಬಿನ ಮೇಲೆ ಕೈಗೆ ಸಿಗುತ್ತದೆ. 20ನೆಯ ವಾರಕ್ಕೆ ಹೊಕ್ಕುಳ ಮಟ್ಟಕ್ಕೆ ಬರುತ್ತದೆ. 36ನೆಯ ವಾರಕ್ಕೆ ಎದೆಗೂಡಿನ ಅಂಚನ್ನು ಮುಟ್ಟುತ್ತದೆ. ಸೂರಃ ಝುಮರ್‌ನ 6ನೆಯ ವಚನದಲ್ಲಿ ಮೂರು ಕತ್ತಲೆಗಳ ಪ್ರಸ್ತಾಪವಿದೆ. ಹೊಟ್ಟೆಯ ಗೋಡೆ, ಗರ್ಭಕೋಶದ ಗೋಡೆ, ಮಗುವನ್ನು ಸುತ್ತಿದ ಪೊರೆ ಎಂದು ವ್ಯಾಖ್ಯಾನಕಾರರು ಅದನ್ನು ವಿವರಿಸಿದ್ದಾರೆ. ಆ ಕತ್ತಲೆಯೊಳಗಿನ ಮೊದಲ ಮಿಸುಕಾಟ ತಾಯಿಗೆ ತಿಳಿಯುವುದು ಚೊಚ್ಚಲಲ್ಲಿ 18ರಿಂದ 20ನೆಯ ವಾರದಲ್ಲಿ. ಎರಡನೆಯ ಬಸಿರಿನಲ್ಲಿ ಇನ್ನೂ ಸ್ವಲ್ಪ ಮೊದಲೇ ತಿಳಿಯುವುದುಂಟು.

ಗರ್ಭಕೋಶ ಮೇಲೇರಿದಂತೆ ಉಳಿದ ಅಂಗಗಳು ಅದಕ್ಕೆ ಜಾಗ ಬಿಟ್ಟುಕೊಡುತ್ತವೆ. ಜಠರ ಒತ್ತಿಹೋಗಿ ಎದೆಯುರಿ ಬರುತ್ತದೆ. ಕರುಳಿನ ಚಲನೆ ನಿಧಾನವಾಗಿ ಮಲಬದ್ಧತೆ ಕಾಡುತ್ತದೆ. ಮೂತ್ರಕೋಶ ಒತ್ತಿಹೋಗಿ ರಾತ್ರಿ ನಾಲ್ಕು ಸಲ ಏಳಬೇಕಾಗುತ್ತದೆ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಸುಮಾರು 4 ಸೆಂಟಿಮೀಟರ್ ಮೇಲಕ್ಕೆ ಸರಿಯುವುದರಿಂದ ಮೆಟ್ಟಿಲು ಹತ್ತಿದರೆ ಏದುಸಿರು. ಕೀಲುಗಳನ್ನು ಬಿಗಿದ ನಾರುಗಳು ಹೆರಿಗೆಯ ಸಿದ್ಧತೆಗಾಗಿ ಸಡಿಲವಾಗುವುದರಿಂದ ಸೊಂಟನೋವು. ಕೆನ್ನೆಯ ಮೇಲೆ ಕಪ್ಪು ಛಾಯೆ, ಹೊಟ್ಟೆಯ ನಡುವೆ ಕಪ್ಪು ಗೆರೆ, ಚರ್ಮದ ಮೇಲೆ ಬಿರುಕಿನಂಥ ಗುರುತುಗಳು. ‘ಚೆಲುವೆ ಎಂದು ತಂದೆವು, ಹೀಗಾದಳು’ ಎಂದು ಆಡಿಕೊಳ್ಳುವವರಿದ್ದಾರೆ. ನಿಮ್ಮ ವಂಶದ ಕುಡಿಯನ್ನು ಹೊತ್ತ ಮೈಮೇಲೆ ಮೂಡಿದ ಗುರುತುಗಳವು. ಅವುಗಳನ್ನು ಹೀಯಾಳಿಸಲು ನಾಲಿಗೆ ಹೇಗೆ ಏಳುತ್ತದೆ?

ಮೈಯ ಜೊತೆ ಮನಸ್ಸೂ ಬದಲಾಗುತ್ತದೆ. ಕಾರಣವಿಲ್ಲದೆ ಅಳು, ಹೆರಿಗೆಯ ಭಯ, ತವರಿನ ನೆನಪು. ಇದು ದುರ್ಬಲ ಈಮಾನಿನ ಲಕ್ಷಣವಲ್ಲ. ಮರ್ಯಮ್(ಅ)ರಂಥ ಪುಣ್ಯಾತ್ಮೆಯೇ ಹೆರಿಗೆ ನೋವಿನಲ್ಲಿ ಖರ್ಜೂರದ ಬುಡಕ್ಕೆ ಆತುಕೊಂಡು, ಇದಕ್ಕೆ ಮೊದಲೇ ಸಾವು ಬಂದಿದ್ದರೆ ಚೆನ್ನಾಗಿತ್ತು ಎಂದು ಹಲುಬಿದ್ದನ್ನು ಸೂರಃ ಮರ್ಯಮ್ ನಮಗೆ ತಿಳಿಸುತ್ತದೆ. ಅಲ್ಲಾಹನು ಆಕೆಯನ್ನು ಗದರಿಸಲಿಲ್ಲ. ದುಃಖಿಸಬೇಡವೆಂಬ ಸಾಂತ್ವನ ಮೊದಲು ಬಂತು. ಕಾಲಬುಡದಲ್ಲೇ ನೀರು ಹರಿಯಿತು, ಮಾಗಿದ ಹಣ್ಣು ಉದುರಿತು. ಉಣ್ಣು, ಕುಡಿ, ಕಣ್ಣು ತಂಪಾಗಲಿ ಎಂಬ ಆದೇಶ ಬಂತು. ಜನರ ಪ್ರಶ್ನೆಗಳಿಗೆ ಉತ್ತರಿಸುವ ಹೊರೆಯಿಂದಲೂ ಆಕೆಯನ್ನು ಬಿಡಿಸಲಾಯಿತು. ಸಾಂತ್ವನ, ನೀರು, ಆಹಾರ, ಚುಚ್ಚುಮಾತುಗಳಿಂದ ಬಿಡುಗಡೆ! ಗರ್ಭಿಣಿಗೆ ಏನು ಬೇಕೆಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇರೆಲ್ಲಿದೆ?

ದುಡಿಯುವ ಬಸುರಿ

ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳನ್ನು ಕಂಡವರಿಗೆ ಅಲ್ಲಿನ ಸೆಕೆ ಗೊತ್ತು. ಗೂಡು ಬೇಯುವ ಬಿಸಿನೀರಿನ ಹಬೆ, ಬೆಂದ ಹುಳುವಿನ ವಾಸನೆ, ಒದ್ದೆ ನೆಲ, ಗಂಟೆಗಟ್ಟಲೆ ನಿಂತೇ ಮಾಡುವ ಕೆಲಸ. ರೀಲಿಂಗ್ ಕಸುಬಿನಲ್ಲಿ ನಮ್ಮ ಸಮುದಾಯದ ಕುಟುಂಬಗಳು ಬಹಳ. ಯಜಮಾನರೂ ನಮ್ಮವರೇ, ಕೂಲಿಯವರೂ ನಮ್ಮವರೇ. ಗೌರಿಬಿದನೂರಿನ ಗಾರ್ಮೆಂಟ್ಸ್‌ಗಳಲ್ಲಿ, ಚಿಂತಾಮಣಿ ಸುತ್ತಿನ ಟೊಮೆಟೊ ತೋಟಗಳಲ್ಲಿ, ಚಿಕ್ಕಬಳ್ಳಾಪುರದ ಹೂವಿನ ತೋಟಗಳಲ್ಲಿ ದುಡಿಯುವ ಗರ್ಭಿಣಿಯರಿದ್ದಾರೆ. ಬಡತನ ಅವರನ್ನು ಮನೆಯಲ್ಲಿ ಕೂರಲು ಬಿಡುವುದಿಲ್ಲ.

ಯಜಮಾನರಾದ ಸಹೋದರರೇ, ನಿಮ್ಮಲ್ಲಿ ಒಂದು ಬಿನ್ನಹ. ಹಬೆಯ ಸೆಕೆಯಲ್ಲಿ ಬಸುರಿಯ ಮೈಯ ನೀರು ಬೇಗ ಆರುತ್ತದೆ, ನಿಂತೇ ಇದ್ದರೆ ಕಾಲು ಊದುತ್ತದೆ, ತಲೆ ಸುತ್ತುತ್ತದೆ, ಒದ್ದೆ ನೆಲದಲ್ಲಿ ಜಾರಿಬಿದ್ದರೆ ಎರಡು ಜೀವಕ್ಕೆ ಆಪತ್ತು. ಅವಳನ್ನು ಬೇಸಿನ್ ಬಳಿಯಿಂದ ಕುಳಿತು ಮಾಡುವ ಕೆಲಸಕ್ಕೆ ಬದಲಿಸಿ. ಕುಡಿಯುವ ನೀರು, ನಡುನಡುವೆ ಕೂರಲು ಒಂದು ಸ್ಟೂಲು, ತಪಾಸಣೆಯ ದಿನ ಕೂಲಿ ಕಡಿಯದ ರಜೆ ಕೊಡಿ. ಕಾನೂನಿನ ವ್ಯಾಪ್ತಿಗೆ ಬರುವ ಕಾರ್ಖಾನೆಗಳಲ್ಲಿ 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆಯ ಹಕ್ಕು ದೊರೆತಿದೆ. ಸಣ್ಣ ಘಟಕಗಳಿಗೆ ಕಾನೂನು ತಲಪದಿರಬಹುದು. ಆದರೆ ಅಲ್ಲಾಹನ ನೋಟ ತಲಪದ ಘಟಕ ಯಾವುದಿದೆ?

ನಮಾಝ್ ಮತ್ತು ಉಪವಾಸ

ನಮ್ಮ ಧರ್ಮ ಗರ್ಭಿಣಿಯ ದೇಹವನ್ನು ಅರಿತೇ ವಿಧಿಗಳನ್ನಿಟ್ಟಿದೆ. ನಿಂತು ನಮಾಝ್ ಮಾಡಲಾಗದವರು ಕುಳಿತು, ಕುಳಿತೂ ಆಗದವರು ಒರಗಿ ಮಾಡಬೇಕೆಂಬ ಉಪದೇಶ ಇಮ್ರಾನ್ ಬಿನ್ ಹುಸೈನ್(ರ)ರಿಂದ ಬುಖಾರಿಯಲ್ಲಿ ವರದಿಯಾಗಿದೆ. ಸೊಂಟನೋವಿನಿಂದ ಸುಜೂದ್‌ನಿಂದ ಏಳಲಾಗದವಳು ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಿದರೆ ಅದರಲ್ಲಿ ಕೊರತೆಯಿಲ್ಲ. ಆರೋಗ್ಯವಾಗಿದ್ದಾಗ ಮಾಡುತ್ತಿದ್ದ ಸತ್ಕರ್ಮದ ಪ್ರತಿಫಲ ಅಸ್ವಸ್ಥನಿಗೂ ಬರೆಯಲ್ಪಡುತ್ತದೆಂದು ಪ್ರವಾದಿ(ಸ)ಯವರು ತಿಳಿಸಿದ್ದಾರೆ.

ರಮಝಾನಿನ ಉಪವಾಸದ ವಿಷಯದಲ್ಲಿ ಗರ್ಭಿಣಿಗೂ ಹಾಲೂಡಿಸುವವಳಿಗೂ ರಿಯಾಯಿತಿ ಇರುವುದು ಹದೀಸ್‌ಗಳಿಂದ ಸಾಬೀತಾಗಿದೆ. ತನಗೆ ಅಥವಾ ಮಗುವಿಗೆ ತೊಂದರೆಯಾದೀತೆಂಬ ಭಯ ಅನುಭವದಿಂದಲೋ ವೈದ್ಯರ ಮಾತಿನಿಂದಲೋ ಬಂದರೆ ಅವಳು ಉಪವಾಸ ಬಿಡಬಹುದು. ನಮ್ಮ ಭಾಗದಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಮದ್‌ಹಬ್‌ನ ಪ್ರಕಾರ ಅವಳು ಮುಂದೆ ಅನುಕೂಲವಾದಾಗ ಅಷ್ಟು ಉಪವಾಸಗಳನ್ನು ಪೂರ್ತಿಗೊಳಿಸಿದರೆ ಸಾಕು, ಫಿದ್‌ಯಾ ಕೊಡಬೇಕಿಲ್ಲ. ಶಾಫಿಈ ಮದ್‌ಹಬ್‌ನಲ್ಲಿ ಕೇವಲ ಮಗುವಿನ ಭಯದಿಂದ ಬಿಟ್ಟಿದ್ದರೆ ಫಿದ್‌ಯಾವೂ ಇದೆ. ಆರೋಗ್ಯವಂತಳಾಗಿ, ವೈದ್ಯರ ಒಪ್ಪಿಗೆಯೊಂದಿಗೆ ಉಪವಾಸವಿರುವವಳನ್ನು ತಡೆಯಬೇಕಿಲ್ಲ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತಹೀನತೆ ಇರುವವಳನ್ನು ‘ಪಕ್ಕದ ಮನೆಯವಳು ಏಳು ತಿಂಗಳಲ್ಲೂ ಉಪವಾಸವಿದ್ದಾಳೆ’ ಎಂದು ನಾಚಿಸುವುದು ಭಕ್ತಿಯಲ್ಲ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಕಿತ್ತುಕೊಳ್ಳುವ ಅಧಿಕಾರ ಅತ್ತೆಗೂ ಇಲ್ಲ, ಗಂಡನಿಗೂ ಇಲ್ಲ.

ಮಗು ಅಳುವುದನ್ನು ಕೇಳಿದಾಗ ಅದರ ತಾಯಿಯ ಸಂಕಟವನ್ನು ನೆನೆದು ಪ್ರವಾದಿ(ಸ)ಯವರು ಜಮಾಅತ್ತಿನ ನಮಾಝನ್ನೇ ಚುಟುಕುಗೊಳಿಸುತ್ತಿದ್ದರು. ಅವರ ಅನುಯಾಯಿಗಳಾದ ನಾವು ತಾಯಿಯ ಸಂಕಟಕ್ಕಾಗಿ ಯಾವುದನ್ನು ಚುಟುಕುಗೊಳಿಸಿದ್ದೇವೆ?

ಅಪಾಯದ ಗುರುತುಗಳು

ಬದಲಾವಣೆ ಯಾವುದು, ಕಾಯಿಲೆ ಯಾವುದು ಎಂಬ ವ್ಯತ್ಯಾಸ ಮನೆಯವರೆಲ್ಲರಿಗೂ ತಿಳಿದಿರಬೇಕು. ಸಂಜೆ ಪಾದ ಸ್ವಲ್ಪ ಊದಿ ಬೆಳಿಗ್ಗೆ ಇಳಿದರೆ ಅದು ಸಾಮಾನ್ಯ. ಮುಖ ಮತ್ತು ಕೈಗಳೂ ಊದಿಕೊಂಡು, ತಲೆ ಸಿಡಿಯುತ್ತಾ, ಕಣ್ಣು ಮಂಜಾದರೆ ರಕ್ತದೊತ್ತಡ ಏರಿದೆಯೆಂದು ತಿಳಿಯಿರಿ. ಅದು ಫಿಟ್ಸ್‌ಗೆ ತಿರುಗಬಹುದು. ಅದನ್ನು ಜಿನ್ನಿನ ಕಾಟವೆಂದು ಊದಿಸುತ್ತಾ ಕುಳಿತರೆ ಎರಡು ಜೀವ ಹೋಗುತ್ತದೆ. ಯಾವ ತಿಂಗಳಲ್ಲೇ ಆಗಲಿ ರಕ್ತ ಕಾಣಿಸಿಕೊಳ್ಳುವುದು, ನೀರು ಒಡೆಯುವುದು, ಚಳಿಜ್ವರ, ತಡೆಯಲಾಗದ ಹೊಟ್ಟೆನೋವು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. 108ಕ್ಕೆ ಫೋನ್ ಮಾಡಿರಿ. ಕೊನೆಯ ತಿಂಗಳುಗಳಲ್ಲಿ ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತಬಹುದು. ಎಡಮಗ್ಗುಲಾಗಿ ಮಲಗುವುದು ಹಿತ.

ಪ್ರತಿ ತಿಂಗಳ 9ನೆಯ ತಾರೀಕು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿಯೇ ಉಚಿತ ತಪಾಸಣೆ ನಡೆಯುವ ವ್ಯವಸ್ಥೆ 2016ರಿಂದ ಇದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲವೂ ಉಚಿತ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಊಟ 2017ರಲ್ಲಿ ಆರಂಭವಾಯಿತು. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ‘ಆಮೇಲೆ ಬನ್ನಿ’ ಎನ್ನಬೇಡಿರಿ. ತಾಯಿ ಕಾರ್ಡ್ ಮಾಡಿಸಿ, ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕಳುಹಿಸುವಾಗ ಸೀರೆ ಕುಪ್ಪಸದ ಜೊತೆ ಆ ಕಾರ್ಡನ್ನೂ ಕಳುಹಿಸಿರಿ.

ಕೆಲವರು ಪರ್ದಾದ ನೆಪ ಹೇಳುತ್ತಾರೆ. ಲೇಡಿ ಡಾಕ್ಟರ್ ಇದ್ದರೆ ಅವರಲ್ಲಿಗೇ ಹೋಗುವುದು ಉತ್ತಮ. ಇಲ್ಲದಾಗ, ಪ್ರಾಣದ ಪ್ರಶ್ನೆ ಬಂದಾಗ, ಪುರುಷ ವೈದ್ಯರು ಅಗತ್ಯವಿರುವಷ್ಟು ಪರೀಕ್ಷಿಸುವುದಕ್ಕೆ ಶರೀಅತ್ ಅನುಮತಿ ನೀಡುತ್ತದೆ. ಅನಿವಾರ್ಯತೆಯು ನಿಷೇಧವನ್ನು ಸಡಿಲಿಸುತ್ತದೆ ಎಂಬುದು ಫಿಕ್ಹ್‌ನ ಸರ್ವಸಮ್ಮತ ನಿಯಮ. ಹೆರಿಗೆಯಲ್ಲಿ ಮರಣಹೊಂದುವ ಸ್ತ್ರೀಗೆ ಶಹೀದ್‌ಳ ಪದವಿಯಿದೆಯೆಂದು ಹದೀಸಿನಲ್ಲಿದೆ, ನಿಜ. ಅದು ನೊಂದವರಿಗೆ ಸಾಂತ್ವನ. ನಿರ್ಲಕ್ಷ್ಯ ಮಾಡಿದವರಿಗೆ ಅದು ರಕ್ಷೆಯಾಗದು.

ಹೆರಿಗೆಯ ನಂತರ

ಮಗು ಹುಟ್ಟಿದೊಡನೆ ಮನೆಯವರ ಕಣ್ಣೆಲ್ಲ ತೊಟ್ಟಿಲ ಕಡೆಗೆ. ಆದರೆ ತಾಯಿಯ ದೇಹದ ಕೆಲಸ ಇನ್ನೂ ಮುಗಿದಿಲ್ಲ. ಒಂದು ಕಿಲೋ ತೂಕದ ಗರ್ಭಕೋಶ ಸಂಕುಚಿಸಿ ಮೊದಲಿನ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಬೇಕು. ಮೊದಲ ಹಳದಿ ಹಾಲು ಮಗುವಿಗೆ ಅಮೃತ, ಅದನ್ನು ಹಿಂಡಿ ಚೆಲ್ಲಬಾರದು. ಹೆರಿಗೆಯ ನಂತರದ ರಕ್ತಸ್ರಾವದ ಗರಿಷ್ಠ ಅವಧಿ ಹನಫಿ ಮದ್‌ಹಬ್‌ನಲ್ಲಿ 40 ದಿನ. ಅದಕ್ಕಿಂತ ಮೊದಲೇ ನಿಂತರೆ ಸ್ನಾನ ಮಾಡಿ ನಮಾಝ್ ಆರಂಭಿಸಬೇಕು, 40 ತುಂಬುವ ತನಕ ಕಾಯುವಂತಿಲ್ಲ. ಬಾಣಂತಿಗೆ ನೀರು ಕೊಡದೆ, ಸೊಪ್ಪು ಹಣ್ಣು ಕೊಡದೆ ಪಥ್ಯ ಹಿಡಿಸುವ ರೂಢಿಗೆ ಧರ್ಮದಲ್ಲೂ ಆಧಾರವಿಲ್ಲ, ವೈದ್ಯಶಾಸ್ತ್ರದಲ್ಲೂ ಆಧಾರವಿಲ್ಲ. ಮತ್ತೆ ಮತ್ತೆ ಅಳುವ, ಮಗುವನ್ನೇ ನೋಡಲೊಲ್ಲದ ಬಾಣಂತಿಯನ್ನು ಬೈಯದೆ ವೈದ್ಯರಿಗೆ ತೋರಿಸಿರಿ.

ಹೆಣ್ಣುಮಗು ಹುಟ್ಟಿತೆಂದು ಮುಖ ತಿರುಗಿಸುವವರಿಗೆ ಒಂದೇ ಮಾತು. ಗಂಡೋ ಹೆಣ್ಣೋ ಎಂಬುದು ನಿರ್ಧಾರವಾಗುವುದು ಪುರುಷನ ಬೀಜಾಣುವಿನಿಂದ. ಕೊಡುವವನು ಅಲ್ಲಾಹನು. ಹೊತ್ತವಳನ್ನು ದೂರುವುದು ಅಜ್ಞಾನ ಕಾಲದ ಜಾಹಿಲಿಯ್ಯತ್.

ನಿಕಾಹ್ ಖುತ್ಬಾದ ನೆನಪು

ಅರಬಿಯಲ್ಲಿ ಗರ್ಭಕೋಶಕ್ಕೆ ‘ರಹಿಮ್’ ಎನ್ನುತ್ತಾರೆ. ಅಲ್ಲಾಹನ ‘ರಹ್ಮಾನ್’, ‘ರಹೀಮ್’ ಎಂಬ ನಾಮಗಳ ಮೂಲಧಾತುವೇ ಅದರದೂ. ಆ ಪದವನ್ನು ತನ್ನ ನಾಮದಿಂದಲೇ ತೆಗೆದಿರುವುದಾಗಿ ಅಲ್ಲಾಹನು ಹೇಳಿರುವುದು ಹದೀಸ್‌ಗಳಲ್ಲಿ ಬಂದಿದೆ. ಬಿಸ್ಮಿಲ್ಲಾಹ್ ಹೇಳಿದಾಗಲೆಲ್ಲ ನಾವು ಆ ಕರುಣೆಯನ್ನು ಸ್ಮರಿಸುತ್ತೇವೆ.

ನಿಮ್ಮ ನಿಕಾಹ್ ನಡೆದ ದಿನವನ್ನು ನೆನಪಿಸಿಕೊಳ್ಳಿರಿ. ಖಾಝಿ ಸಾಹೇಬರು ಖುತ್ಬಾದಲ್ಲಿ ಸೂರಃ ನಿಸಾದ ಮೊದಲ ವಚನವನ್ನು ಓದಿರುತ್ತಾರೆ. ಅಲ್ಲಾಹನನ್ನು ಭಯಪಡಿರಿ, ರಹಿಮ್‌ನ ಸಂಬಂಧಗಳ ಬಗ್ಗೆ ಎಚ್ಚರವಾಗಿರಿ, ಅವನು ನಿಮ್ಮನ್ನು ಗಮನಿಸುತ್ತಿದ್ದಾನೆ ಎಂಬುದು ಅದರ ತಾತ್ಪರ್ಯ. ವರನು ಹಾರ ಹಾಕಿಕೊಂಡು ತಲೆ ತಗ್ಗಿಸಿ ಕೇಳಿದ. ನೆರೆದವರು ಆಮೀನ್ ಎಂದರು. ಅರ್ಥ ಮಾತ್ರ ಬಹುಮಂದಿಗೆ ತಿಳಿಯಲಿಲ್ಲ. ಇಂದು ತಿಳಿಯಿತಲ್ಲವೇ? ಹಾಗಾದರೆ ಆ ಮಾತನ್ನು ಪಾಲಿಸುವ ಕಾಲವಿದು.

ಪತಿಯಾದವನೇ, ನಿನ್ನ ಹೆಂಡತಿಯ ರಕ್ತದ ಗುಂಪು ನಿನಗೆ ಗೊತ್ತಿದೆಯೇ? ಅದು ನೆಗೆಟಿವ್ ಆಗಿದ್ದು ನಿನ್ನದು ಪಾಸಿಟಿವ್ ಆಗಿದ್ದರೆ 28ನೆಯ ವಾರದಲ್ಲಿ ಮತ್ತು ಹೆರಿಗೆಯಾದ 72 ಗಂಟೆಗಳೊಳಗೆ ಅವಳಿಗೆ ಆಂಟಿ-ಡಿ ಚುಚ್ಚುಮದ್ದು ಬೇಕಾಗಬಹುದು, ವೈದ್ಯರನ್ನು ಕೇಳು. ರಕ್ತ ಬೇಕಾದರೆ ಕೊಡಲು ಇಬ್ಬರು ಗೆಳೆಯರನ್ನು ಗೊತ್ತುಮಾಡಿಟ್ಟುಕೋ. ತಪಾಸಣೆಗೆ ನೀನೇ ಜೊತೆಗೆ ಹೋಗು. ಪ್ರವಾದಿ(ಸ)ಯವರು ಮನೆಯಲ್ಲಿ ಮನೆಯವರ ಕೆಲಸಕ್ಕೆ ನೆರವಾಗುತ್ತಿದ್ದರೆಂದು ಆಇಶಾ(ರ) ಹೇಳಿದ್ದಾರೆ. ಕೊಡ ಎತ್ತುವುದರಿಂದ ನಿನ್ನ ಗಂಡಸುತನಕ್ಕೆ ಕುಂದು ಬಾರದು.

ಅತ್ತೆಯಾದ ತಾಯಂದಿರೇ, ‘ನಾವೇನು ಹೆತ್ತಿಲ್ಲವೇ?’ ಎಂಬ ನಿಮ್ಮ ಮಾತು ಸತ್ಯ. ನೀವು ಹೆತ್ತಿದ್ದೀರಿ. ಸೌದೆ ಒಲೆಯ ಮುಂದೆ ಕೆಮ್ಮುತ್ತಾ, ದೂರದ ಬಾವಿಯಿಂದ ನೀರು ಹೊರುತ್ತಾ, ಯಾರಲ್ಲೂ ಹೇಳಿಕೊಳ್ಳಲಾಗದೆ ಹೆತ್ತಿದ್ದೀರಿ. ಸೂರಃ ಲುಕ್ಮಾನ್‌ನ ಆ ವಚನ ನಿಮ್ಮ ಕುರಿತೂ ಇಳಿದಿದೆ. ಅಂದು ನಿಮ್ಮ ಬಳಲಿಕೆಯನ್ನು ಯಾರೂ ಕೇಳಲಿಲ್ಲ, ಅಲ್ಲಾಹನು ಮಾತ್ರ ಬರೆದಿಟ್ಟ. ಹಾಗಿರುವಾಗ ಈ ಮನೆಯಲ್ಲಿ ಅವಳ ಕಷ್ಟ ನಿಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು? ನಿಮಗೆ ಸಿಗದಿದ್ದ ಒಂದು ಲೋಟ ಹಾಲನ್ನು ನಿಮ್ಮ ಕೈಯಾರೆ ಅವಳಿಗೆ ಕೊಡಿರಿ. ಇಂದು ರಾತ್ರಿಯ ಊಟದಲ್ಲಿ ಮೊದಲ ತಟ್ಟೆ ಅವಳದಾಗಲಿ.

ಕರುಣಾಮಯನಾದ ಅಲ್ಲಾಹನು ನಮ್ಮ ಮನೆಗಳ ಗರ್ಭಿಣಿಯರಿಗೆ ಸುಖಪ್ರಸವವನ್ನೂ ಆರೋಗ್ಯವಂತ ಮಕ್ಕಳನ್ನೂ ದಯಪಾಲಿಸಲಿ. ನಮ್ಮನ್ನು ಹೊತ್ತ ತಾಯಂದಿರಿಗೆ ಕೃತಜ್ಞರಾಗುವ, ನಮ್ಮ ಮಕ್ಕಳನ್ನು ಹೊತ್ತವರ ಹಕ್ಕನ್ನು ಸಲ್ಲಿಸುವ ಭಾಗ್ಯವನ್ನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.